ಶ್ವೇಜೂ ನ್ಯೂರೌ

ಚೀನಾದ ನೈರುತ್ಯ ಭಾಗದಲ್ಲಿರುವ ಸಿಚುವಾನ್ ಪ್ರಾಂತದ ಹೆಸರಾಂತ ಖಾರದ ಅಡುಗೆ. ತೆಳುವಾಗಿ ಕೊಯ್ದ ದನದ ಮಾಂಸಕ್ಕೆ ಪಿಷ್ಟದ ಹಿಟ್ಟು ಸವರಿ, ಮೆಣಸಿನಕಾಯಿ ಹಾಕಿದ ಕೆಂಪು ಸಾರಿನಲ್ಲಿ ಒಂದೆರಡು ನಿಮಿಷ ಬೇಯಿಸಿ, ಅರೆಬೆಂದ ತರಕಾರಿಯ ಮೇಲೆ ಸುರಿಯುತ್ತಾರೆ. ಅದರ ಮೇಲೆ ಹುರಿದು ಕೊಚ್ಚಿದ ಒಣಮೆಣಸಿನಕಾಯಿ ಮತ್ತು ಸಿಚುವಾನ್ ಮೆಣಸನ್ನು ಉದುರಿಸಿ, ಕಾಯ್ದ ಎಣ್ಣೆ ಎರೆದು ಬಡಿಸುತ್ತಾರೆ. ನೀರಿನಲ್ಲಿ ಬೇಯಿಸಿದ ದನದ ಮಾಂಸ ಎಂಬುದು ಹೆಸರಿನ ಅರ್ಥ. ಆ ಹೆಸರು ಕೇಳಿ ಸಪ್ಪೆ ಊಟವೆಂದು ತರಿಸಿಕೊಂಡ ಹೊರಗಿನವರು ಬೆವರು ಒರೆಸಿಕೊಂಡ ಕಥೆಗಳು ಚೀನಾದಲ್ಲೇ ಬೇಕಾದಷ್ಟಿವೆ.

ಮೇಜಿನ ಮೇಲೆ ಇದು ಬರುವುದು ಅಗಲವಾದ ದೊಡ್ಡ ಬಟ್ಟಲಿನಲ್ಲಿ. ಮೇಲೆ ಕೆಂಪೆಣ್ಣೆ ನಿಂತಿರುತ್ತದೆ, ಅದರಲ್ಲಿ ಮೆಣಸಿನಕಾಯಿ ಚೂರುಗಳು ತೇಲುತ್ತಿರುತ್ತವೆ, ಮಾಂಸ ಕಾಣಿಸುವುದೇ ಇಲ್ಲ. ಕಡ್ಡಿಗಳಿಂದ ಎಣ್ಣೆಯಡಿಯ ಮಾಂಸವನ್ನೂ ತರಕಾರಿಯನ್ನೂ ಹೆಕ್ಕಿ ಬಿಳಿ ಅನ್ನದೊಂದಿಗೆ ತಿನ್ನಬೇಕು. ಬಟ್ಟಲಿನ ರಸವನ್ನು ಕುಡಿಯುವ ಪದ್ಧತಿ ಇಲ್ಲ. ನಮ್ಮ ಸಾರಿನ ಹಾಗೆ ಅನ್ನಕ್ಕೆ ಕಲಸಿಕೊಳ್ಳಲು ಹೋದವರು ಎರಡನೆಯ ತುತ್ತಿಗೆ ಕೈ ಹಿಂದೆಗೆಯುತ್ತಾರೆ. ಮರಗಟ್ಟಿಸುವ ಜುಮ್ಮು, ಖಾರ, ಸುಡುಬಿಸಿ, ಮಾಂಸರಸದ ರುಚಿ, ಮೃದುತ್ವ ಇವು ಐದನ್ನೂ ಒಂದೇ ತುತ್ತಿನಲ್ಲಿ ಕೊಡಬೇಕು ಎಂಬುದು ಸಿಚುವಾನಿನ ಬಾಣಸಿಗರು ಈ ಅಡುಗೆಗೆ ಇಟ್ಟುಕೊಂಡಿರುವ ಅಳತೆ. ಖಾರಕ್ಕಷ್ಟೇ ಹೆಸರಾದ ಇದರಲ್ಲಿ ನಿಜವಾದ ಕೈಚಳಕ ಇರುವುದು ಕೊನೆಯ ಗುಣದಲ್ಲಿ. ಗಟ್ಟಿ ಮಾಂಸವನ್ನು ಹೆಚ್ಚು ಹೊತ್ತು ಬೇಯಿಸದೆಯೇ ಮೆತ್ತಗೆ ಮಾಡುವ ಉಪಾಯವನ್ನು ಇಷ್ಟು ಅಚ್ಚುಕಟ್ಟಾಗಿ ತೋರಿಸುವ ಅಡುಗೆಗಳು ಏಷ್ಯದಲ್ಲಿ ಹೆಚ್ಚಿಲ್ಲ.

ಉಪ್ಪಿನ ಬಾವಿಗಳ ಊರು

ಈ ಅಡುಗೆಯ ತವರು ದಕ್ಷಿಣ ಸಿಚುವಾನಿನ ಜಿಗಾಂಗ್. ಜಿಲ್ಯೂಜಿಂಗ್ ಮತ್ತು ಗಾಂಗ್‌ಜಿಂಗ್ ಎಂಬ ಎರಡು ಉಪ್ಪಿನ ನೆಲೆಗಳನ್ನು ಕೂಡಿಸಿ 1939ರಲ್ಲಿ ಮಾಡಿದ ನಗರ ಇದು. ಎರಡರ ಹೆಸರಿನ ತುಂಡುಗಳೇ ಊರಿನ ಹೆಸರಾಯಿತು. ಸಮುದ್ರ ಇಲ್ಲಿಂದ ಬಹುದೂರ. ಆದರೆ ನೆಲದ ಆಳದಲ್ಲಿ ದಟ್ಟವಾದ ಉಪ್ಪುನೀರೂ ಅದರ ಜೊತೆಗೆ ನೈಸರ್ಗಿಕ ಅನಿಲವೂ ಇದ್ದವು. ಸಿಚುವಾನಿನಲ್ಲಿ ಉಪ್ಪಿನ ಬಾವಿ ತೋಡುವ ಪದ್ಧತಿ ಕ್ರಿಸ್ತಪೂರ್ವ 3ನೆಯ ಶತಮಾನದಷ್ಟು ಹಳೆಯದು. 11ನೆಯ ಶತಮಾನದ ನಡುವಿನಲ್ಲಿ, ಸಾಂಗ್ ವಂಶದ ಆಳ್ವಿಕೆಯಲ್ಲಿ, ಕಬ್ಬಿಣದ ತುದಿಯ ಭಾರವಾದ ಉಳಿಯನ್ನು ಎತ್ತಿ ಎತ್ತಿ ಕುಕ್ಕಿ ಬಟ್ಟಲಗಲದ ಕಿರಿದಾದ ಬಾವಿಗಳನ್ನು ಕೊರೆಯುವ ವಿದ್ಯೆ ಬಂತು. ಮಣ್ಣು ಕುಸಿಯದಂತೆ ಒಳಕ್ಕೆ ಬಿದಿರಿನ ಕೊಳವೆ ಇಳಿಸುತ್ತಿದ್ದರು. ಜಿಗಾಂಗಿನ ಶೆನ್‌ಹಾಯ್ ಬಾವಿಯನ್ನು 1823ರಲ್ಲಿ ಕೊರೆಯಲು ತೊಡಗಿ 1835ರಲ್ಲಿ ಮುಗಿಸಿದರು. ಅದರ ಆಳ 1,001.42 ಮೀಟರ್. ಮನುಷ್ಯ ಕೊರೆದ ಬಾವಿಗಳಲ್ಲಿ ಒಂದು ಕಿಲೋಮೀಟರ್ ದಾಟಿದ ಮೊದಲನೆಯದು ಅದೇ. ಅಲ್ಲಿ ಈಗಲೂ ಉಪ್ಪು ಕಾಯಿಸುತ್ತಾರೆ. ಕುದಿಯುವ ಉಪ್ಪುನೀರಿಗೆ ಸೋಯಾ ಹಾಲು ಸುರಿದರೆ ಕಶ್ಮಲವೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಸೌಟಿನಿಂದ ತೆಗೆದು ಹಾಕಿದ ಮೇಲೆ ಉಳಿಯುವುದು ಬೆಳ್ಳನೆಯ ಹರಳು.

ಅಷ್ಟು ಆಳದಿಂದ ಉಪ್ಪುನೀರನ್ನು ಮೇಲೆತ್ತುವುದು ಸುಲಭದ ಕೆಲಸವಾಗಿರಲಿಲ್ಲ. ತಳದಲ್ಲಿ ಚರ್ಮದ ಕವಾಟವಿರುವ ಉದ್ದನೆಯ ಬಿದಿರಿನ ಕೊಳಗವನ್ನು ಹಗ್ಗ ಕಟ್ಟಿ ಇಳಿಸಿ, ತುಂಬಿದ ಮೇಲೆ ಎಳೆಯಬೇಕು. ಹಗ್ಗ ಸುತ್ತಿಕೊಳ್ಳುವುದಕ್ಕೆ ಮನೆಯಷ್ಟು ದೊಡ್ಡ ಮರದ ರಾಟೆ, ರಾಟೆ ತಿರುಗಿಸುವುದಕ್ಕೆ ಕೋಣ ಮತ್ತು ಎತ್ತುಗಳು. ಹಗಲಿರುಳೂ ಸರದಿಯ ಮೇಲೆ ಸುತ್ತುತ್ತಿದ್ದ ಈ ಪ್ರಾಣಿಗಳು ಸಾವಿರಾರು. ತೈಪಿಂಗ್ ಬಂಡಾಯಗಾರರು 1853ರಲ್ಲಿ ನಾನ್‌ಜಿಂಗ್ ಹಿಡಿದು ಯಾಂಗ್‌ತ್ಸೆ ನದಿಯ ದಾರಿ ಕಡಿದಾಗ ಪೂರ್ವ ಕರಾವಳಿಯ ಉಪ್ಪು ಹುಬೈ, ಹುನಾನ್ ಪ್ರಾಂತಗಳಿಗೆ ಬರುವುದು ನಿಂತಿತು. ಆ ಮಾರುಕಟ್ಟೆ ಸಿಚುವಾನಿನ ಪಾಲಾಯಿತು, ಜಿಗಾಂಗ್ ಸಿರಿವಂತವಾಯಿತು. ಜಪಾನಿನೊಡನೆ ನಡೆದ 1937-45ರ ಯುದ್ಧದಲ್ಲಿ ಮತ್ತೊಮ್ಮೆ ಹಾಗೆಯೇ ಆಯಿತು. ಉಪ್ಪಿನ ಹಣ ಊರಿಗೆ ಏನು ಮಾಡಿತೆಂದು ನೋಡಬೇಕಾದರೆ ಷಾನ್‌ಶಿ ಪ್ರಾಂತದ ವರ್ತಕರು 1736ರಿಂದ 1752ರವರೆಗೆ ಕಟ್ಟಿಸಿದ ಶಿಚಿನ್ ಸಂಘಭವನವನ್ನು ನೋಡಬೇಕು. ಉಪ್ಪಿನ ಉದ್ಯಮದ ಇತಿಹಾಸದ ವಸ್ತುಸಂಗ್ರಹಾಲಯ ಈಗ ಅದರಲ್ಲೇ ಇದೆ.

ಚೀನಾದ ಹಲವು ರಾಜವಂಶಗಳ ಕಾನೂನಿನಲ್ಲಿ ಉಳುವ ದನವನ್ನು ಕಡಿಯುವುದು ಅಪರಾಧವಾಗಿತ್ತು. ಹೀಗಾಗಿ ಹಾನ್ ಚೀನೀಯರ ಊಟದಲ್ಲಿ ಹಂದಿಗೆ ಇದ್ದ ಸ್ಥಾನ ದನಕ್ಕೆ ಇರಲಿಲ್ಲ. ದನದ ಮಾಂಸ ಹೆಚ್ಚಾಗಿ ಮುಸಲ್ಮಾನರ ಅಡುಗೆಯೆನಿಸಿತ್ತು. ಜಿಗಾಂಗಿನ ಮಾತು ಬೇರೆ. ರಾಟೆ ಎಳೆದು ಸವೆದ, ಕಾಲು ಮುರಿದುಕೊಂಡ, ಮುದಿಯಾದ ಪ್ರಾಣಿಗಳು ಅಲ್ಲಿ ದಿನದಿನವೂ ಕಸಾಯಿಖಾನೆಗೆ ಹೋಗುತ್ತಿದ್ದವು. ಅವುಗಳ ಮಾಂಸ ಬಾವಿಯ ಕೂಲಿಗಳಿಗೆ ಅಗ್ಗವಾಗಿ ಸಿಗುತ್ತಿತ್ತು. ಉಪ್ಪಿಗೆ ಬರವಿರಲಿಲ್ಲ, ಬಾವಿಯ ಅನಿಲದಿಂದ ಒಲೆಯೂ ಉರಿಯುತ್ತಿತ್ತು. ಉಪ್ಪುನೀರಿನಲ್ಲಿ ಮಾಂಸ ಬೇಯಿಸಿ ಸಿಚುವಾನ್ ಮೆಣಸು ಉದುರಿಸಿ ತಿಂದದ್ದೇ ಈ ಅಡುಗೆಯ ಮೊದಲ ರೂಪ ಎಂದು ಜಿಗಾಂಗಿನವರು ಹೇಳುತ್ತಾರೆ.

ಇದೇ ಊರಿನ ಇನ್ನೊಂದು ತಿನಿಸನ್ನು ನೋಡಿದರೆ ಈ ಮಾತು ನಂಬಬಹುದೆನಿಸುತ್ತದೆ. ಹುವೋಬಿಯಾನ್‌ಜಿ ಎಂಬ ಒಣಮಾಂಸಕ್ಕೆ ಹಿಂದಿನ ತೊಡೆಯ ಗಟ್ಟಿ ಮಾಂಸವನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿ, ಹಿಂದಿನ ಅಕ್ಷರ ಮುಂದಕ್ಕೆ ಕಾಣುವಷ್ಟು ತೆಳುವಾದ ಹಾಳೆಯಾಗಿ ಬಿಡಿಸುತ್ತಾರೆ. ಅದನ್ನು ಗಾಳಿಗೆ ಒಣಗಿಸಿ ಮಂದ ಬೆಂಕಿಯಲ್ಲಿ ಸುಟ್ಟು ಮೆಣಸಿನೆಣ್ಣೆ ಸವರುತ್ತಾರೆ. ಹಳೆಯ ಕ್ರಮದಲ್ಲಿ ಆ ಬೆಂಕಿಗೆ ಬಳಸುತ್ತಿದ್ದದ್ದು ಸಗಣಿಯ ಬೆರಣಿ. ಗಟ್ಟಿ ಮಾಂಸಕ್ಕೆ ಚೂರಿಯೇ ಮದ್ದು ಎಂಬುದನ್ನು ಈ ಊರು ಚೆನ್ನಾಗಿ ಕಲಿತಿತ್ತು. ಶ್ವೇಜೂ ನ್ಯೂರೌ ಕೂಡ ಅದೇ ಪಾಠದ ಫಲ.

ಖಾರ ಸೇರಿದ್ದು

ಈ ಅಡುಗೆ ಸಾಂಗ್ ವಂಶದ ಕಾಲದ್ದು ಎಂದು ಹೋಟೆಲುಗಳ ಮೆನುವಿನಲ್ಲೂ ಪ್ರವಾಸಿ ಕೈಪಿಡಿಗಳಲ್ಲೂ ಅಚ್ಚಾಗಿರುತ್ತದೆ. ಈಗಿನ ಕೆಂಪು ಬಟ್ಟಲಿನ ಮಟ್ಟಿಗೆ ಅದು ಆಗದ ಮಾತು. ಸಾಂಗ್ ಆಳ್ವಿಕೆ ಮುಗಿದದ್ದು 1279ರಲ್ಲಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಚೀನಾದಲ್ಲಿ ಅದರ ಮೊದಲ ಉಲ್ಲೇಖ ಸಿಗುವುದು ಗಾವ್ ಲಿಯಾನ್ ಎಂಬಾತ 1591ರಲ್ಲಿ ಬರೆದ ಗ್ರಂಥದಲ್ಲಿ. ಆತ ಅದನ್ನು ನೋಡಲು ಚೆಂದವಾದ ಹೂಗಿಡಗಳ ಜೊತೆಗೆ ಸೇರಿಸಿದ್ದಾನೆ. ಸಿಚುವಾನಿನ ಊರದಾಖಲೆಗಳಲ್ಲಿ ಮೆಣಸಿನಕಾಯಿ ಕಾಣಿಸಿಕೊಳ್ಳುವುದು 18ನೆಯ ಶತಮಾನದಲ್ಲಿ, ಮನೆಮನೆಯ ಅಡುಗೆಗೆ ಬೇರೂರಿದ್ದು 19ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಸಿಚುವಾನಿನ ನಾಲಿಗೆಗೆ ಚುರುಕು ಕೊಡುತ್ತಿದ್ದದ್ದು ಶುಂಠಿ, ಸಿಚುವಾನ್ ಮೆಣಸು ಮತ್ತು ಅದರ ಜಾತಿಗೇ ಸೇರಿದ ಜೂಯೂ ಎಂಬ ಕಾಯಿ. ಮೆಣಸಿನಕಾಯಿ ಬಂದ ಮೇಲೆ ಜೂಯೂ ಮರೆಯಾಯಿತು, ಸಿಚುವಾನ್ ಮೆಣಸು ಉಳಿದುಕೊಂಡಿತು. ಬಿಸಿಲು ಕಡಿಮೆ, ಮಂಜು ಮತ್ತು ಥಂಡಿ ಹೆಚ್ಚು ಇರುವ ಆ ಸೀಮೆಯಲ್ಲಿ ಮೈಯೊಳಗಿನ ಶೀತ ಹೋಗಲು ಖಾರ ತಿನ್ನಬೇಕು ಎಂಬ ನಂಬಿಕೆ ಈಗಲೂ ಬಲವಾಗಿದೆ.

ಕೂಲಿಗಳ ಊಟ ಹೋಟೆಲಿನ ಅಡುಗೆಯಾದದ್ದು 20ನೆಯ ಶತಮಾನದಲ್ಲಿ. 1930ರ ದಶಕದಲ್ಲಿ ಫಾನ್ ಜಿಆನ್ ಎಂಬ ಬಾಣಸಿಗ ಇದನ್ನು ತಿದ್ದಿ ಈಗಿನ ರೂಪಕ್ಕೆ ತಂದ ಎಂಬುದು ಜಿಗಾಂಗಿನಲ್ಲಿ ನಡೆದುಬಂದ ಮಾತು. ಸಿಚುವಾನ್ ಪಾಕಪದ್ಧತಿಯನ್ನು ಮೂರು ಕವಲಾಗಿ ಹೇಳುವ ರೂಢಿಯಿದೆ: ಚೆಂಗ್ಡುವಿನದು, ಚಾಂಗ್‌ಚಿಂಗಿನದು, ಜಿಗಾಂಗ್ ಸುತ್ತಿನದು. ಮೂರನೆಯದಕ್ಕೆ ಉಪ್ಪಿನ ವರ್ತಕರ ಅಡುಗೆ ಎಂದೇ ಹೆಸರು. ಹಸಿ ಶುಂಠಿ, ಎಳೆ ಮೆಣಸಿನಕಾಯಿಗಳನ್ನು ಧಾರಾಳವಾಗಿ ಸುರಿಯುವ ಈ ಕವಲು ಉಳಿದೆರಡಕ್ಕಿಂತ ಖಾರ.

ಸಿಚುವಾನಿನಲ್ಲಿ ದನದ ಮಾಂಸ ದುಡಿಯುವವರ ಊಟವಾಗಿದ್ದುದಕ್ಕೆ ಇನ್ನೊಂದು ಸಾಕ್ಷಿ ಮಾಪೋ ತೋಫು ಎಂಬ ಅಡುಗೆ. ಚೆಂಗ್ಡುವಿನ ವಾನ್‌ಫು ಸೇತುವೆಯ ಬಳಿ 1862ರಲ್ಲಿ ಶುರುವಾದ ಅಂಗಡಿಯೊಂದರಲ್ಲಿ ಎಣ್ಣೆ ಹೊರುವ ಕೂಲಿಗಳಿಗೆಂದು ಮಾಡುತ್ತಿದ್ದ ಅದಕ್ಕೆ ಹಾಕುತ್ತಿದ್ದದ್ದು ಕೊಚ್ಚಿದ ದನದ ಮಾಂಸ. ಹೊರದೇಶಗಳಲ್ಲಿ ಹಂದಿ ಬಂದದ್ದು ಆಮೇಲೆ.

ಬಟ್ಟಲಿನಲ್ಲಿರುವುದೇನು

ಇದರ ಜೀವಾಳ ಡೌಬಾನ್‌ಜಿಯಾಂಗ್ ಎಂಬ ಹುದುಗಿಸಿದ ಖಾರದ ಮುದ್ದೆ. ಚೆಂಗ್ಡುವಿಗೆ ಸೇರಿದ ಪಿಶಿಯಾನ್‌ನದು ಎಲ್ಲಕ್ಕಿಂತ ಒಳ್ಳೆಯದೆಂದು ಲೆಕ್ಕ. ಅಲ್ಲಿ ಇದನ್ನು ಮಾಡುವ ವಿದ್ಯೆ 2008ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಸಿಪ್ಪೆ ತೆಗೆದ ದೊಡ್ಡ ಅವರೆಯ ಜಾತಿಯ ಫಾವಾ ಬೇಳೆಗೆ ಗೋಧಿಹಿಟ್ಟು ಹೊರಳಿಸಿ ಬೂಷ್ಟು ಬರಿಸುತ್ತಾರೆ. ಅದು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗುತ್ತದೆ. ಇತ್ತ ಅರ್‌ಜಿಂಗ್‌ಟಿಯಾವ್ ಎಂಬ ಉದ್ದನೆಯ ಕೆಂಪು ಮೆಣಸಿನಕಾಯಿಯನ್ನು ಹಸಿಯಾಗಿಯೇ ಕೊಚ್ಚಿ ಉಪ್ಪು ಬೆರೆಸಿಟ್ಟಿರುತ್ತಾರೆ. ಎರಡನ್ನೂ ಕೂಡಿಸಿ ಅಂಗಳದ ಮಣ್ಣಿನ ಹಂಡೆಗಳಿಗೆ ತುಂಬಿದ ಮೇಲೆ ಮೂರೇ ಕೆಲಸ: ಹಗಲು ಬಿಸಿಲಿಗೆ ತೆರೆದಿಡುವುದು, ರಾತ್ರಿ ಇಬ್ಬನಿಗೆ ಬಿಡುವುದು, ದಿನವೂ ತಿರುವಿಹಾಕುವುದು. ಮಳೆ ಬಂದರೆ ಮಾತ್ರ ಮುಚ್ಚಳ. ಒಂದು ವರ್ಷದ್ದು ಕೆಂಪಗೆ ಇರುತ್ತದೆ, ಮೂರು ವರ್ಷದ್ದು ಕಂದು ತಿರುಗಿ ಕಪ್ಪಿಗೆ ಬರುತ್ತದೆ. ಹಳೆಯದಾದಷ್ಟೂ ರುಚಿ ಆಳವಾಗುತ್ತದೆ, ಬಣ್ಣ ಮಂಕಾಗುತ್ತದೆ. ಅನುಭವಸ್ಥರು ಎರಡನ್ನೂ ಬೆರೆಸಿಕೊಳ್ಳುತ್ತಾರೆ. ಇದರಲ್ಲಿ ಉಪ್ಪು ವಿಪರೀತ. ಡೌಬಾನ್‌ಜಿಯಾಂಗ್ ಹಾಕಿದ ಸಾರಿಗೆ ರುಚಿ ನೋಡದೆ ಉಪ್ಪು ಹಾಕುವುದು ಹೊಸಬರ ಸಾಮಾನ್ಯ ತಪ್ಪು.

ಸಿಚುವಾನ್ ಮೆಣಸಿಗೂ ನಮ್ಮ ಕರಿಮೆಣಸಿಗೂ ಸಂಬಂಧವಿಲ್ಲ. ಇದು ಜಾಂಥಾಕ್ಸೈಲಮ್ ಕುಲದ ಮುಳ್ಳುಮರದ ಕಾಯಿ, ನಿಂಬೆಯ ಕುಟುಂಬಕ್ಕೆ ಸೇರಿದ್ದು. ಒಣಗಿ ಬಿರಿದ ಸಿಪ್ಪೆ ಮಾತ್ರ ಬಳಕೆಗೆ. ಒಳಗಿನ ಕರಿ ಬೀಜ ಬಾಯಿಗೆ ಮರಳು ಸಿಕ್ಕಿದಂತಿರುವುದರಿಂದ ಆರಿಸಿ ಎಸೆಯಬೇಕು. ಕೆಂಪು, ಹಸಿರು ಎಂದು ಎರಡು ಬಗೆ. ದನದ ಮಾಂಸಕ್ಕೆ ಕೆಂಪೇ ಒಪ್ಪುತ್ತದೆ. ಹಾನ್‌ಯುವಾನ್‌ನ ಬೆಳೆಯನ್ನು ಹಿಂದೆ ಅರಮನೆಗೆ ಕಾಣಿಕೆಯಾಗಿ ಕಳುಹಿಸುತ್ತಿದ್ದರು.

ತರಕಾರಿಯಲ್ಲಿ ಮೂರು ಹಳೆಯವು: ಸೆಲೆರಿ, ಬೆಳ್ಳುಳ್ಳಿಯ ಎಳೆ ಗಿಡ ಮತ್ತು ಕಾಂಡಕ್ಕಾಗಿ ಬೆಳೆಯುವ ಲೆಟ್ಯೂಸ್‌ನ ತುದಿಯೆಲೆ. ಚೀನೀ ಎಲೆಕೋಸು, ಮೊಳಕೆ ಕಾಳು, ಅಣಬೆ ಹಾಕುವುದು ಈಚಿನ ರೂಢಿ. ತರಕಾರಿ ತಳದಲ್ಲಿ ಇರುವುದು ಬಟ್ಟಲು ತುಂಬಿ ಕಾಣಲೆಂದು ಮಾತ್ರವಲ್ಲ. ಮಾಂಸದ ಜಿಡ್ಡು, ಖಾರಗಳ ನಡುವೆ ಕರುಂ ಎನ್ನುವ, ತುಸು ಕಹಿಯಾದ, ನೀರಿನಂಶವುಳ್ಳ ಒಂದು ಪದಾರ್ಥ ಬಾಯಿಗೆ ಬೇಕಾಗುತ್ತದೆ. ಸೆಲೆರಿಯ ಘಮ ದನದ ಮಾಂಸದ ಹಸಿ ವಾಸನೆಯನ್ನು ಅಡಗಿಸುತ್ತದೆ ಎಂದೂ ಸಿಚುವಾನಿನವರು ನಂಬುತ್ತಾರೆ. ಆಲೂಗಡ್ಡೆ, ಹೂಕೋಸು ಹಾಕುವ ಹೋಟೆಲುಗಳೂ ಇವೆ. ಅದು ಬರೀ ಉಳಿತಾಯದ ಲೆಕ್ಕಾಚಾರ.

ಎಣ್ಣೆ ಹುರಿದ ಸಾಸಿವೆಜಾತಿಯ ಬೀಜದ್ದು, ಕಂದು ಹಳದಿ ಬಣ್ಣದ್ದು. ಅದಿಲ್ಲದೆಡೆ ಕಡಲೆಕಾಯಿ ಎಣ್ಣೆ ನಡೆಯುತ್ತದೆ.

ಮಾಡುವ ಬಗೆ

ನಾಲ್ವರಿಗೆ 400 ಗ್ರಾಂ ಕೊಬ್ಬಿಲ್ಲದ ಮಾಂಸ ಸಾಕು. ತೊಡೆಯದೋ ಬೆನ್ನಿನದೋ ಆಗಬಹುದು. ಮುಂಗಾಲಿನ ನರ ತುಂಬಿದ ಮಾಂಸ ಬೇಡ, ಅದು ಗಂಟೆಗಟ್ಟಲೆ ಬೇಯುವ ಅಡುಗೆಗೆ ತಕ್ಕದ್ದು. ಫ್ರೀಜರಿನಲ್ಲಿ ಅರ್ಧ ಗಂಟೆ ಇಟ್ಟು ತುಸು ಬಿಗಿಯಾದ ಮೇಲೆ ಕೊಯ್ದರೆ ಚೂರಿ ಮಾತು ಕೇಳುತ್ತದೆ. ಎಳೆಗಳು ಯಾವ ಕಡೆ ಹರಿದಿವೆ ಎಂದು ನೋಡಿ ಅವಕ್ಕೆ ಅಡ್ಡಲಾಗಿ 2ರಿಂದ 3 ಮಿಲಿಮೀಟರ್ ದಪ್ಪಕ್ಕೆ ಕೊಯ್ಯಬೇಕು. ಎಳೆಯ ಉದ್ದಕ್ಕೆ ಕೊಯ್ದರೆ ಹಲ್ಲು ಮಾಡಬೇಕಾದ ಕೆಲಸ ಬೆಳೆಯುತ್ತದೆ, ಅಡ್ಡಕ್ಕೆ ಕೊಯ್ದರೆ ಚೂರಿಯೇ ಅದನ್ನು ಮುಗಿಸಿಕೊಟ್ಟಿರುತ್ತದೆ.

ಮುಂದಿನದು ಹಿಟ್ಟು ಸವರುವುದು. ಮಾಂಸಕ್ಕೆ ಅರ್ಧ ಟೀ ಚಮಚ ಉಪ್ಪು, ಒಂದು ಟೀ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಅಕ್ಕಿಯ ಮದ್ಯ ಹಾಕಿ ಕಲಸಿ, ಎರಡು ಮೂರು ದೊಡ್ಡ ಚಮಚ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಕೈಯಿಂದ ಹಿಸುಕಬೇಕು. ಮೊದಮೊದಲು ಬಟ್ಟಲಿನ ತಳದಲ್ಲಿ ನೀರು ನಿಲ್ಲುತ್ತದೆ. ಬಿಡದೆ ಕಲಸಿದರೆ ಮಾಂಸ ಅದನ್ನೆಲ್ಲ ಕುಡಿದು ಅಂಟಂಟಾಗುತ್ತದೆ. ಆಗ ಎರಡು ದೊಡ್ಡ ಚಮಚ ಗೆಣಸಿನ ಪಿಷ್ಟ ಅಥವಾ ಕಾರ್ನ್‌ಫ್ಲೋರ್ ಹಾಕಿ, ಕೊನೆಗೆ ಸ್ವಲ್ಪ ಎಣ್ಣೆ ಬೆರೆಸಿ ಇಪ್ಪತ್ತು ನಿಮಿಷ ಬಿಡಬೇಕು. ಚಿಟಿಕೆ ಅಡುಗೆ ಸೋಡಾ ಹಾಕುವ ಹೋಟೆಲುಗಳಿವೆ. ಕ್ಷಾರ ಹೆಚ್ಚಿದಾಗ ಮಾಂಸದ ಪ್ರೋಟೀನುಗಳು ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ, ನೀರು ಒಳಗೇ ಉಳಿಯುತ್ತದೆ. ಚಿಟಿಕೆ ಮೀರಿದರೆ ಸಾಬೂನಿನ ರುಚಿ ಬರುವುದು ಖಂಡಿತ.

ಈ ಸಿದ್ಧತೆಯ ಹಿಂದಿನ ಕಾರಣ ಸರಳ. ಬೇಯಿಸುವಾಗ ಮಾಂಸವನ್ನು ಮೆತ್ತಗಿಡುವುದಕ್ಕೆ ಎರಡು ದಾರಿ. ಒಂದು, ಕೊಲಾಜನ್ ಕರಗಿ ಜೆಲಾಟಿನ್ ಆಗುವವರೆಗೆ ಗಂಟೆಗಟ್ಟಲೆ ಬೇಯಿಸುವುದು. ಇನ್ನೊಂದು, ಎಳೆಗಳು ಕುಗ್ಗಿ ರಸವನ್ನು ಹಿಂಡಿಹಾಕುವ ಮೊದಲೇ ಬೆಂಕಿಯಿಂದ ಇಳಿಸುವುದು. ಮಾಂಸದ ಆಕ್ಟಿನ್ ಎಂಬ ಪ್ರೋಟೀನು ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಗಿದುಕೊಳ್ಳುತ್ತದೆ, ರಬ್ಬರಾಗುವುದು ಅಲ್ಲಿಂದ ಮುಂದೆ. ಹೊರಗೆ ಸವರಿದ ಪಿಷ್ಟವೂ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ ಗಂಜಿಯಾಗಿ ಪೊರೆಗಟ್ಟುತ್ತದೆ. ಆ ಪೊರೆ ಬಿಸಿಯ ಹೊಡೆತವನ್ನು ತಡೆಯುತ್ತದೆ, ರಸವನ್ನು ಹಿಡಿದಿಡುತ್ತದೆ, ಖಾರದ ಸಾರು ಮಾಂಸಕ್ಕೆ ಅಂಟಿಕೊಳ್ಳುವಂತೆಯೂ ಮಾಡುತ್ತದೆ. ಮುದಿ ಕೋಣದ ಮಾಂಸ ತಿನ್ನಬೇಕಾಗಿದ್ದ, ಗಂಟೆಗಟ್ಟಲೆ ಕಾಯುವ ಬಿಡುವಿಲ್ಲದ ಜನರ ನಡುವೆ ಈ ಕ್ರಮ ಬೆಳೆದದ್ದು ಆಕಸ್ಮಿಕವಾಗಿರಲಾರದು.

ಒಣಮೆಣಸಿನಕಾಯಿ ಹದಿನೈದು ಗ್ರಾಂ, ಸಿಚುವಾನ್ ಮೆಣಸು ಒಂದು ದೊಡ್ಡ ಚಮಚ ತೆಗೆದುಕೊಂಡು, ಚಮಚ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಬೇಕು. ಕೆಂಪು ಹೋಗಿ ಕಂದು ಬಂದ ಕೂಡಲೇ ತೆಗೆಯಬೇಕು, ಕಪ್ಪಾದರೆ ಕಹಿ. ಈ ಹಂತದಲ್ಲಿ ಏಳುವ ಘಾಟಿಗೆ ಪಕ್ಕದ ಮನೆಯವರೂ ಕೆಮ್ಮುತ್ತಾರೆ, ಕಿಟಕಿ ತೆರೆದಿಡುವುದು ಒಳ್ಳೆಯದು. ಆರಿದ ಮೇಲೆ ಮಣೆಯ ಮೇಲೆ ಹರಡಿ ಚೂರಿಯಿಂದ ಕೊಚ್ಚಬೇಕು. ಚೂರಿಯ ಬಾಯಿಗೆ ಸಿಕ್ಕಿದ ಈ ಒರಟು ಪುಡಿಗೆ ಸಿಚುವಾನಿನಲ್ಲಿ ಬೇರೆಯದೇ ಹೆಸರಿದೆ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಕಾದ ಎಣ್ಣೆ ಬಿದ್ದ ಕ್ಷಣಕ್ಕೆ ಸೀದುಹೋಗುತ್ತದೆ.

ಅದೇ ಬಾಣಲೆಯಲ್ಲಿ 300 ಗ್ರಾಂ ತರಕಾರಿಯನ್ನು ದೊಡ್ಡ ಉರಿಯಲ್ಲಿ ಅರ್ಧ ನಿಮಿಷ ಬಾಡಿಸಿ, ಹಸಿತನ ಹೋದೊಡನೆ ಬಟ್ಟಲಿನ ತಳಕ್ಕೆ ಹಾಕಬೇಕು. ಮತ್ತೆ ಎಣ್ಣೆ ಕಾಯಿಸಿ ಎರಡೂವರೆ ದೊಡ್ಡ ಚಮಚ ಡೌಬಾನ್‌ಜಿಯಾಂಗ್ ಹಾಕಿ, ಉರಿ ತಗ್ಗಿಸಿ, ಎಣ್ಣೆ ಕೆಂಪಾಗಿ ಬಿಡುವವರೆಗೆ ಹುರಿಯಬೇಕು. ಅವಸರ ಮಾಡಿದರೆ ಹುದುಗಿನ ಹಸಿ ವಾಸನೆ ಉಳಿಯುತ್ತದೆ. ಕೊಚ್ಚಿದ ಶುಂಠಿ, ಬೆಳ್ಳುಳ್ಳಿ ಸೇರಿಸಿ, ಅರ್ಧ ಲೀಟರಿನಷ್ಟು ಮೂಳೆಸಾರು ಅಥವಾ ನೀರು ಸುರಿದು, ಕುದಿ ಬಂದ ಮೇಲೆ ಉರಿ ಇಳಿಸಬೇಕು. ಸಾರು ಮೆಲ್ಲಗೆ ಮಿಸುಕುತ್ತಿರುವಾಗ ಮಾಂಸದ ಹೋಳುಗಳನ್ನು ಒಂದೊಂದಾಗಿ ಬಿಡಿಸಿ ಹಾಕಬೇಕು. ಆಮೇಲೆ ಸುಮಾರು ಹದಿನೈದು ಸೆಕೆಂಡು ಸೌಟು ಮುಟ್ಟಬಾರದು. ಪೊರೆ ಗಟ್ಟಿಯಾಗುವ ಮೊದಲೇ ಕದಡಿದರೆ ಹಿಟ್ಟೆಲ್ಲ ಸಾರಿಗಿಳಿದು ಗಂಜಿಯಾಗುತ್ತದೆ, ಮಾಂಸ ಬರಿದಾಗಿ ಬಿರುಸಾಗುತ್ತದೆ. ಹೋಳುಗಳು ಬಣ್ಣ ತಿರುಗಿ ಬಿಡಿಬಿಡಿಯಾದ ಮೇಲೆ ಇನ್ನರ್ಧ ನಿಮಿಷ ಸಾಕು. ಸಾರಿನ ಸಮೇತ ತರಕಾರಿಯ ಮೇಲೆ ಸುರಿಯಬೇಕು.

ಮೇಲೆ ಕೊಚ್ಚಿದ ಮೆಣಸಿನಕಾಯಿ, ಸಿಚುವಾನ್ ಮೆಣಸು, ಹಸಿ ಬೆಳ್ಳುಳ್ಳಿಯ ಚೂರು. ಐದಾರು ದೊಡ್ಡ ಚಮಚ ಎಣ್ಣೆಯನ್ನು 200 ಡಿಗ್ರಿಗೆ ಹತ್ತಿರ ಕಾಯಿಸಿ ಅದರ ಮೇಲೆ ಎರೆದರೆ ಚುರ್ರೆಂದು ಸದ್ದು. ನಮ್ಮ ಒಗ್ಗರಣೆಯ ತತ್ತ್ವವೇ ಇದು: ಮೆಣಸಿನಕಾಯಿಯ ಖಾರ, ಬಣ್ಣ, ಸುವಾಸನೆ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತವೆ. ಎಣ್ಣೆಯ ಪದರ ಮುಚ್ಚಳದಂತೆ ಕೂತು ಬಟ್ಟಲನ್ನು ಬಹಳ ಹೊತ್ತು ಸುಡುಬಿಸಿಯಾಗಿಯೂ ಇಡುತ್ತದೆ.

ಉರಿ ಮತ್ತು ಜುಮ್ಮು

ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ನಾಲಿಗೆಯ ನರತುದಿಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವೊಂದಿದೆ. ಸುಮಾರು 43 ಡಿಗ್ರಿ ದಾಟಿದರೆ ತೆರೆದುಕೊಳ್ಳಬೇಕಾದ ಅದನ್ನು ಕ್ಯಾಪ್ಸೈಸಿನ್ ತಣ್ಣಗಿರುವಾಗಲೇ ತೆರೆಸುತ್ತದೆ, ಮಿದುಳು ಬಾಯಿ ಸುಟ್ಟಿತೆಂದು ತಿಳಿಯುತ್ತದೆ. ಇದನ್ನು 1997ರಲ್ಲಿ ಕಂಡುಹಿಡಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಬಂತು. ಸಾರು ನಿಜವಾಗಿಯೂ ಸುಡುಬಿಸಿಯಾಗಿದ್ದರೆ ಅದೇ ಗ್ರಾಹಕಕ್ಕೆ ಎರಡು ಕಡೆಯಿಂದ ಪೆಟ್ಟು. ಈ ಅಡುಗೆ ಆರಿದ ಮೇಲೆ ಸಾಧುವಾಗಿ ತೋರುವುದು ಅದಕ್ಕೇ.

ಜುಮ್ಮಿನ ಸಂಗತಿ ಬೇರೆ. ಸಿಚುವಾನ್ ಮೆಣಸಿನ ಹೈಡ್ರಾಕ್ಸಿ ಆಲ್ಫಾ ಸಾನ್‌ಶೂಲ್ ಎಂಬ ವಸ್ತು ಸ್ಪರ್ಶವನ್ನು ಒಯ್ಯುವ ನರಗಳನ್ನು ಕೆಣಕುತ್ತದೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು ಸಿಚುವಾನ್ ಮೆಣಸನ್ನು ಜನರ ತುಟಿಗೆ ಹಚ್ಚಿ, ಜುಮ್ಮೆನ್ನುವ ವೇಗವನ್ನು ಬೆರಳಿಗೆ ಕೊಟ್ಟ ಯಾಂತ್ರಿಕ ಕಂಪನದೊಂದಿಗೆ ಹೋಲಿಸಿ ಹೇಳಲು ಕೇಳಿದರು. 2013ರಲ್ಲಿ ಪ್ರಕಟವಾದ ಉತ್ತರ ಸೆಕೆಂಡಿಗೆ ಸುಮಾರು 50 ಕಂಪನ. ಅಂದರೆ ಇದು ರುಚಿಯೂ ಅಲ್ಲ, ಉರಿಯೂ ಅಲ್ಲ, ಕಂಪನದ ಭ್ರಮೆ. ಜುಮ್ಮು, ಖಾರ ಎರಡೂ ಸೇರಿದ ಮಾಲಾ ಎಂಬ ಸವಿ ಸಿಚುವಾನ್ ಅಡುಗೆಯಲ್ಲಿ ಎಣಿಸುವ ಇಪ್ಪತ್ತಕ್ಕೂ ಹೆಚ್ಚು ರುಚಿಬಗೆಗಳಲ್ಲಿ ಒಂದು ಮಾತ್ರ. ಹೊರಗಿನವರು ಅದೊಂದೇ ಸಿಚುವಾನ್ ಎಂದುಕೊಂಡಿರುವುದು ಆ ಪಾಕಪದ್ಧತಿಗೆ ಆಗಿರುವ ಅನ್ಯಾಯ.

ಹರಡಿದ ಬಗೆ

ದನದ ಬದಲು ಹಂದಿಮಾಂಸ ಹಾಕಿದ್ದು ಸಿಚುವಾನಿನ ಮನೆಗಳಲ್ಲಿ ಇನ್ನೂ ಸಾಮಾನ್ಯ. ಮೀನು ಹಾಕಿದ ರೂಪ ಚಾಂಗ್‌ಚಿಂಗಿನಲ್ಲಿ 1980ರ ದಶಕದಲ್ಲಿ ಹುಟ್ಟಿ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಇಡೀ ಚೀನಾಕ್ಕೆ ಹಬ್ಬಿತು, ಹೆಸರಿನಲ್ಲಿ ತಾಯಿಯನ್ನೇ ಮೀರಿಸಿತು. ಇಂಗ್ಲಿಷ್ ಓದುಗರಿಗೆ ಸಿಚುವಾನ್ ಅಡುಗೆಯನ್ನು ಸರಿಯಾಗಿ ಪರಿಚಯಿಸಿದ್ದು ಚೆಂಗ್ಡುವಿನ ಪಾಕಶಾಲೆಯಲ್ಲಿ ಕಲಿತ ಫ್ಯೂಷಿಯಾ ಡನ್‌ಲಪ್ ಅವರ 2001ರ ಪುಸ್ತಕ. ಅಮೆರಿಕ ನಿಂಬೆಜಾತಿಯ ಬೆಳೆಗಳಿಗೆ ರೋಗ ತಗಲೀತೆಂಬ ಭಯದಿಂದ 1968ರಿಂದ ಸಿಚುವಾನ್ ಮೆಣಸಿನ ಆಮದನ್ನು ತಡೆದಿತ್ತು, ಬಿಸಿ ಮಾಡಿ ಸಂಸ್ಕರಿಸಿದ ಸರಕಿಗೆ ಬಾಗಿಲು ತೆರೆದದ್ದು 2005ರಲ್ಲಿ. ಚೆಂಗ್ಡುವನ್ನು ಯುನೆಸ್ಕೊ 2010ರಲ್ಲಿ ಪಾಕಕಲೆಯ ನಗರಗಳ ಸಾಲಿಗೆ ಸೇರಿಸಿತು.

ಭಾರತದಲ್ಲಿ ಸಿಚುವಾನ್ ಎಂದರೆ ಷೆಜ್ವಾನ್ ಚಟ್ನಿ. ಮೆಣಸಿನಕಾಯಿ, ಬೆಳ್ಳುಳ್ಳಿ, ವಿನೆಗರ್ ಕೂಡಿದ ಆ ಕೆಂಪು ಗೊಜ್ಜಿನಲ್ಲಿ ಸಾಮಾನ್ಯವಾಗಿ ಡೌಬಾನ್‌ಜಿಯಾಂಗೂ ಇರುವುದಿಲ್ಲ, ಸಿಚುವಾನ್ ಮೆಣಸೂ ಇರುವುದಿಲ್ಲ. ಬೆಂಗಳೂರಿನ ಬೀದಿಬದಿಯ ನೂಡಲ್ಸ್ ಬಾಣಲೆಗೆ ಅದು ಒಪ್ಪುತ್ತದೆ, ಈ ಅಡುಗೆಗೆ ಒಪ್ಪುವುದಿಲ್ಲ.

ಆದರೆ ಜುಮ್ಮಿನ ಮೂಲ ಕರ್ನಾಟಕಕ್ಕೆ ಹೊಸದಲ್ಲ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಜುಮ್ಮನಕಾಯಿ ಮರ ಅದೇ ಜಾಂಥಾಕ್ಸೈಲಮ್ ಕುಲದ್ದು. ಕರಾವಳಿಯ ಕೊಂಕಣಿಗರು ತೆಪ್ಪಳ ಎಂದು ಕರೆಯುವ ಇದರ ಒಣ ಸಿಪ್ಪೆಯನ್ನು ಬಂಗಡೆ ಮೀನಿನ ಸಾರಿಗೆ ಹಾಕುತ್ತಾರೆ, ಇಲ್ಲೂ ಕರಿ ಬೀಜ ತೆಗೆದೇ. ತೆಪ್ಪಳದ ಘಮ ಹೆಚ್ಚು ಕಟು. ಸಿಚುವಾನ್ ಮೆಣಸು ಸಿಗದಿದ್ದರೆ ಅಳತೆಯನ್ನು ಅರ್ಧಕ್ಕಿಳಿಸಿ ಇದನ್ನೇ ಬಳಸಬಹುದು. ಅರ್‌ಜಿಂಗ್‌ಟಿಯಾವ್ ಹೇಗೆ ಖಾರಕ್ಕಿಂತ ಬಣ್ಣಕ್ಕೂ ಘಮಕ್ಕೂ ಹೆಸರಾಗಿದೆಯೋ ಹಾಗೆಯೇ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿಗೆ ಒಂದು ಪಾಲು ಗುಂಟೂರು ಬೆರೆಸಿದರೆ ಬಟ್ಟಲಿನ ಬಣ್ಣವೂ ಖಾರವೂ ಮೂಲಕ್ಕೆ ತಕ್ಕಷ್ಟು ಹತ್ತಿರ ಬರುತ್ತವೆ. ಡೌಬಾನ್‌ಜಿಯಾಂಗಿಗೆ ಮಾತ್ರ ನಮ್ಮಲ್ಲಿ ಬದಲಿಯಿಲ್ಲ, ಅದನ್ನು ಕೊಂಡೇ ತರಬೇಕು.

ಮಾಂಸದ ವಿಷಯದಲ್ಲಿ ಕಾನೂನು ತಿಳಿದಿರಬೇಕು. 2021ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020ರ ಪ್ರಕಾರ ಹಸು, ಕರು, ಎತ್ತು, ಹೋರಿಗಳ ವಧೆಗೆ ಅವಕಾಶವಿಲ್ಲ. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಪ್ರಮಾಣಪತ್ರ ಪಡೆದು ಕಡಿಯಬಹುದು. ಅಂಥ ಮಾಂಸ ಬಿರುಸು, ಎಳೆ ದಪ್ಪ. ಆದರೆ ಜಿಗಾಂಗಿನ ರಾಟೆ ಎಳೆದ ಕೋಣಗಳೂ ಎಳೆಯವಾಗಿರಲಿಲ್ಲ. ಎರಡು ಮಿಲಿಮೀಟರಿಗೆ ಅಡ್ಡ ಕೊಯ್ದು, ನೀರು ಕುಡಿಸಿ, ಹಿಟ್ಟು ಸವರಿ ಬೇಯಿಸಿದರೆ ಅದೂ ಮೆತ್ತಗಾಗುತ್ತದೆ. ದನದ ಮಾಂಸ ತಿನ್ನದವರು ಕುರಿಯ ತೊಡೆಯನ್ನೋ ಕೋಳಿಯ ಎದೆಯನ್ನೋ ಇದೇ ಕ್ರಮದಲ್ಲಿ ಮಾಡಬಹುದು, ಕೋಳಿಯಾದರೆ ಒಳಗಿನವರೆಗೂ ಪೂರ್ತಿ ಬೆಂದಿರಬೇಕು. ಉಪ್ಪೂ ಎಣ್ಣೆಯೂ ಹೆಚ್ಚಿರುವ ಊಟವಾದ್ದರಿಂದ ರಕ್ತದೊತ್ತಡ ಇರುವವರು ಮಾಂಸ, ತರಕಾರಿ ಹೆಕ್ಕಿ ತಿಂದು ಬಟ್ಟಲಿನ ರಸವನ್ನು ಅಲ್ಲೇ ಬಿಡುವುದು ಕ್ಷೇಮ. ಜಿಗಾಂಗಿನವರು ಮಾಡುವುದೂ ಅದನ್ನೇ.